ನಂಬಿಕೆ ಗಟ್ಟಿಯಾಗಿದ್ದರೆ ದೊಣ್ಣೆ ಯಾಕೆ?

ಧರ್ಮದ ಹೆಸರಲ್ಲಿ ಎಲ್ಲಿ ಗಲಾಟೆಯಾದರೂ ಒಂದು ಬುದ್ಧಿಮಾತು ತಪ್ಪದೆ ಕೇಳಿಬರುತ್ತೆ: 'ಯಾವ ದೇವರನ್ನೂ ಅತಿಯಾಗಿ ನಂಬಬಾರದು, ಎಲ್ಲ ಒಂದು ಮಿತಿಯಲ್ಲಿರಬೇಕು.' ಹೇಳುವವರು ಒಳ್ಳೆಯವರೇ. ಚಿಕ್ಕಬಳ್ಳಾಪುರದಲ್ಲಿ ನನ್ನ ಜೊತೆ ಓದಿದವರು, ಕ್ರಿಸ್‌ಮಸ್‌ ದಿನ ಮನೆಗೆ ಬಂದು ಊಟ ಮಾಡಿಕೊಂಡು ಹೋಗುವವರು. ಆದರೂ ಆ ಮಾತು ನನಗೆ ಒಪ್ಪಿಗೆಯಿಲ್ಲ. ನಾನು ಕ್ರೈಸ್ತ. ಯೇಸುಸ್ವಾಮಿ ಸತ್ತು ಮೂರನೆಯ ದಿನ ಎದ್ದು ಬಂದರು ಎಂದು ನಂಬಿದವನು. ಇದನ್ನು ಅರ್ಧ ನಂಬಿ ಅರ್ಧ ಬಿಡುವುದಕ್ಕೆ ಆಗುವುದಿಲ್ಲ.

ನನ್ನ ದೇವರು ತನ್ನ ಕೆಲಸ ತಾನು ಮಾಡಿಕೊಳ್ಳಲಾರ, ಅವನಿಗೆ ನನ್ನ ದೊಣ್ಣೆ ಬೇಕು, ಪೊಲೀಸರು ಬೇಕು, ಸರ್ಕಾರ ಬೇಕು ಅಂತ ಯಾವಾಗ ಅನ್ನಿಸುತ್ತದೋ ಆಗ ಶುರುವಾಗುತ್ತೆ ಉಗ್ರವಾದ. ನಾನು ಅದನ್ನು ನಂಬಿಕೆಯ ಕೊರತೆ ಅನ್ನುತ್ತೇನೆ.

ಲೂಕನ ಸುವಾರ್ತೆಯ ಒಂಬತ್ತನೇ ಅಧ್ಯಾಯ ತೆಗೆದು ನೋಡಿ. ಸಮಾರ್ಯದ ಒಂದು ಹಳ್ಳಿ ಯೇಸುವನ್ನು ಒಳಗೆ ಸೇರಿಸಲಿಲ್ಲ. ಯಾಕೋಬ, ಯೋಹಾನರಿಗೆ ಸಿಟ್ಟು ನೆತ್ತಿಗೇರಿತು. ಆಕಾಶದಿಂದ ಬೆಂಕಿ ಸುರಿಸಿ ಇವರನ್ನು ಸುಟ್ಟುಬಿಡೋಣವೇ ಅಂತ ಕೇಳಿದರು. ಯೇಸು ಗದರಿಸಿದ್ದು ಈ ಇಬ್ಬರು ಶಿಷ್ಯರನ್ನು. ಹಳ್ಳಿಯವರಿಗೆ ಒಂದು ಮಾತೂ ಅನ್ನದೆ ಇನ್ನೊಂದು ಊರಿಗೆ ನಡೆದರು.

ಗಟ್ಟಿ ನಿಲುವಿನ ಮನುಷ್ಯ ಹೇಗಿರುತ್ತಾನೆ ಅಂತ ನೋಡಲು ದೂರ ಹೋಗಬೇಕಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಇದ್ದರಲ್ಲ. ನನ್ನ ನಂಬಿಕೆಗೂ ಅವರ ವಿಚಾರವಾದಕ್ಕೂ ತಾಳೆಯಾಗುವುದಿಲ್ಲ, ಯೇಸುವಿನ ಪವಾಡಗಳನ್ನೂ ಅವರು ಪರೀಕ್ಷೆಗೆ ಒಡ್ಡುತ್ತಿದ್ದರೇನೋ! ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿ ನೇರವಾಗಿ ಸತ್ಯಸಾಯಿಬಾಬಾ ಅವರಿಗೇ ಪತ್ರ ಬರೆದರು. ಬಾಬಾ ಪರೀಕ್ಷೆಗೆ ಒಪ್ಪಲಿಲ್ಲ. ಎಚ್ಚೆನ್ ಪ್ರಶ್ನೆ ಬಿಡಲಿಲ್ಲ, ಹಾಗಂತ ಯಾರ ಭಜನೆ ನಿಲ್ಲಿಸುವುದಕ್ಕೂ ಹೋಗಲಿಲ್ಲ. ಅವರ ಹತ್ತಿರ ಇದ್ದದ್ದು ಪ್ರಶ್ನೆ ಮಾತ್ರ, ಅದೇ ಅವರಿಗೆ ಸಾಕಾಗಿತ್ತು.

ಈಗ ನಮ್ಮ ಕಡೆಯ ರಾಜಕೀಯಕ್ಕೆ ಬರುತ್ತೇನೆ. 2021ರ ಡಿಸೆಂಬರ್ ನಮಗೆ ಮರೆಯುವಂಥದ್ದಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಕ್ರೈಸ್ತ ಧರ್ಮದ ಪುಸ್ತಕಗಳನ್ನು ಕಿತ್ತುಕೊಂಡು ಬೀದಿಯಲ್ಲೇ ಸುಟ್ಟರು. ಅದೇ ತಿಂಗಳು, ಕ್ರಿಸ್‌ಮಸ್‌ಗೆ ಮುಂಚೆ, ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಸೂಸೈಪಾಳ್ಯದ ಹಳೇ ಚರ್ಚಿನಲ್ಲಿ ಸಂತ ಅಂತೋಣಿಯವರ ಪ್ರತಿಮೆ ಒಡೆದರು. ಅದೇ ವಾರ ಬೆಳಗಾವಿಯ ಅಧಿವೇಶನದಲ್ಲಿ ವಿಧಾನಸಭೆ ಮತಾಂತರ ನಿಷೇಧ ಮಸೂದೆಗೆ ಒಪ್ಪಿಗೆ ಕೊಟ್ಟಿತು. 2022ರಲ್ಲಿ ಅದು ಕಾಯ್ದೆಯಾಯಿತು.

ಆ ಕಾಯ್ದೆಯನ್ನು ಓದದೆ ಬೆಂಬಲಿಸಿದವರೇ ಹೆಚ್ಚು ಅಂತ ನನ್ನ ಅನಿಸಿಕೆ. ಒಬ್ಬ ವಯಸ್ಕ ತನ್ನ ದೇವರನ್ನು ಬದಲಿಸಬೇಕಾದರೆ 30 ದಿನ ಮುಂಚೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೆಂಟರಷ್ಟೇ ಅಲ್ಲ, ಜೊತೆಗೆ ಕೆಲಸ ಮಾಡುವವರು ಕೂಡ ದೂರು ಕೊಡಬಹುದು. ತಪ್ಪು ಮಾಡಿಲ್ಲ ಅಂತ ಸಾಬೀತು ಮಾಡುವ ಹೊರೆ ಆರೋಪಿಯ ಮೇಲೆ. ನನಗೆ ಎಲ್ಲಕ್ಕಿಂತ ನೋವಾದದ್ದು ಇನ್ನೊಂದು ಸಾಲು. ಅಪ್ರಾಪ್ತರು, ಬುದ್ಧಿ ಸ್ವಾಧೀನದಲ್ಲಿ ಇಲ್ಲದವರು, ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಇವರನ್ನೆಲ್ಲ ಒಟ್ಟಿಗೆ ಸೇರಿಸಿ, ಇವರ ವಿಷಯದಲ್ಲಿ 10 ವರ್ಷದವರೆಗೆ ಶಿಕ್ಷೆ ಅಂತ ಬರೆದರು. ಓದಿ ನೌಕರಿ ಮಾಡುವ ಹೆಣ್ಣುಮಗಳಿಗೆ, ಸ್ವಂತ ದುಡಿಮೆಯಲ್ಲಿ ಬದುಕುವ ದಲಿತನಿಗೆ ತನ್ನ ಮನಸ್ಸು ತನಗೆ ಗೊತ್ತಿರಲ್ಲ ಅಂತ ತಾನೇ ಇದರ ಅರ್ಥ? 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಇದನ್ನು ರದ್ದು ಮಾಡುವ ತೀರ್ಮಾನ ಮಾಡಿದಾಗ ನನಗೆ ಸಂತೋಷವಾಯಿತು. ಆದರೆ ಅದಕ್ಕೆ ಪ್ರತಿಯಾಗಿ ಯಾವ ಪಕ್ಷಕ್ಕೂ ನಮ್ಮ ಚರ್ಚ್ ಸಭೆಯ ವೋಟುಗಳನ್ನು ಗಂಟು ಕಟ್ಟಿ ಕೊಡಬಾರದು.

ನಮ್ಮವರಿಗೂ ಒಂದು ಮಾತು. ಪ್ರಾರ್ಥನಾ ಕೂಟದ ಮೈಕಿನಲ್ಲಿ ಪಕ್ಕದ ಬೀದಿಯ ಮಾರಮ್ಮನನ್ನು ದೆವ್ವ ಅಂತ ಕೂಗುವವರು, ಔಷಧಿ ಬಿಡಿ ಪ್ರಾರ್ಥನೆ ಸಾಕು ಅಂತ ಶುಗರ್ ಇರುವವರಿಗೆ ಹೇಳುವವರು ಸುವಾರ್ತೆಗೆ ದ್ರೋಹ ಮಾಡುತ್ತಿದ್ದಾರೆ. ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆಸ್ಪತ್ರೆಯಲ್ಲಿ ಕ್ರಿಸ್ತನ ಹೆಸರಲ್ಲೇ ಔಷಧಿ ಕೊಟ್ಟಿದ್ದಾರಲ್ಲವೇ?

ಅಧಿಕಾರ ಕೈಗೆ ಬಂದ ಕಡೆ ಕ್ರೈಸ್ತರು ಏನು ಮಾಡಿದ್ದಾರೆ ಅನ್ನುವುದನ್ನೂ ನಾವು ಓದಬೇಕು. ಹಿಟ್ಲರನ ಕಾಲದಲ್ಲಿ ಜರ್ಮನಿಯ ಎಷ್ಟೋ ಸಭೆಗಳು ಅವನಿಗೆ ಜೈ ಅಂದವು. ಎದುರು ನಿಂತ ಪಾಸ್ಟರ್ ಡೀಟ್ರಿಚ್ ಬಾನ್‌ಹಾಫರ್‌ರನ್ನು 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಿದರು. 1994ರಲ್ಲಿ ರುವಾಂಡಾದಲ್ಲಿ ಜೀವ ಉಳಿಸಿಕೊಳ್ಳಲು ಚರ್ಚಿಗೆ ಓಡಿಬಂದವರನ್ನು ಚರ್ಚಿನೊಳಗೇ ಕೊಂದರು, ಕೊಂದವರಲ್ಲೂ ದೀಕ್ಷಾಸ್ನಾನ ಪಡೆದವರಿದ್ದರು. 2021ರ ಜನವರಿ 6ರಂದು ಅಮೆರಿಕದ ಸಂಸತ್ತಿಗೆ ನುಗ್ಗಿದ ಗುಂಪಿನಲ್ಲಿ ಯೇಸುವಿನ ಹೆಸರಿನ ಬಾವುಟಗಳಿದ್ದವು. ಇದನ್ನು ನೋಡಿಯೂ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಅಲ್ಲಿನ ನಾಯಕರನ್ನು ದೇವರು ಆರಿಸಿದವರು ಅಂತ ಹೊಗಳುತ್ತೀರಲ್ಲ, ಇಲ್ಲಿ ನಮ್ಮ ಮೇಲೆ ಬಹುಸಂಖ್ಯಾತರ ಜೋರು ನಡೆದಾಗ ಯಾವ ಬಾಯಲ್ಲಿ ನ್ಯಾಯ ಕೇಳುತ್ತೀರಿ?

1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿದ್ದ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಇಬ್ಬರು ಪುಟ್ಟ ಗಂಡುಮಕ್ಕಳನ್ನೂ ಜೀಪಿನಲ್ಲೇ ಸುಟ್ಟರು. ಕೊಂದವರನ್ನು ಕ್ಷಮಿಸಿದೆ ಅಂದರು ಅವರ ಹೆಂಡತಿ ಗ್ಲಾಡಿಸ್ ಸ್ಟೇನ್ಸ್. ದೇಶ ಬಿಟ್ಟು ಓಡದೆ ವರ್ಷಗಟ್ಟಲೆ ಅಲ್ಲೇ ಇದ್ದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಮಿತಿಯಲ್ಲಿ ನಂಬಿದವರಿಂದ ಇದು ಆಗುತ್ತಿತ್ತಾ?

ಚುನಾವಣೆ ಬಂದಾಗ ಅಭ್ಯರ್ಥಿಗಳು ಚರ್ಚಿನ ಬಾಗಿಲಿಗೆ ಬರುತ್ತಾರೆ. ಬರಲಿ, ಕೈಮುಗಿಯಲಿ. ವೇದಿಕೆ ಮಾತ್ರ ಕೊಡಬೇಡಿ, ಯಾರಿಗೆ ವೋಟು ಅಂತ ಪಾಸ್ಟರ್ ಅಯ್ಯನವರೂ ಹೇಳುವುದು ಬೇಡ. ನಾನಂತೂ ಪ್ರತಿಯೊಬ್ಬ ಅಭ್ಯರ್ಥಿಗೂ ಕೇಳುವುದು ಇಷ್ಟೇ: ಬಾಗೇಪಲ್ಲಿಯಲ್ಲಿ ಶೀಟಿನ ಮನೆಯೊಂದರಲ್ಲಿ ನಡೆಯುವ ಪ್ರಾರ್ಥನೆಗೆ ಗುಂಪು ನುಗ್ಗಿದರೆ, ಮುರುಗಮಲ್ಲದ ದರ್ಗಾಕ್ಕೆ ಯಾರಾದರೂ ಕಲ್ಲು ಹೊಡೆದರೆ, ಊರ ದೇವಸ್ಥಾನವನ್ನು ಯಾರಾದರೂ ಅಪವಿತ್ರ ಮಾಡಿದರೆ, ಅವತ್ತು ರಾತ್ರಿ ಠಾಣೆಗೆ ಬಂದು ಏಟು ತಿಂದವರ ಪಕ್ಕ ನಿಂತು ಎಫ್‌ಐಆರ್ ಹಾಕಿಸುತ್ತೀರಾ, ಇಲ್ಲವಾ?