ಹೊಳವಾದ ದಿನವೇ ಹೀಗಾಗಬೇಕಾ?

ತೀರ್ಥಹಳ್ಳಿ ಕಡೆ ಜುಲೈನಲ್ಲಿ ಒಂದು ದಿನ ಮಳೆ ಹೊಳವಾಗುವುದೇ ಅಪರೂಪ. ಇವತ್ತು ಆಯಿತು. ಅಡಿಕೆಗೆ ಕೊಳೆರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣ ಕಲಸಿಟ್ಟಿದ್ದೆ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಬುಡದಲ್ಲಿ ಕಾಯುತ್ತಿದ್ದ. ಔಷಧಿ ಪಂಪಿನ ಎಂಜಿನ್ ಮಾತ್ರ ಸ್ಟಾರ್ಟ್ ಆಗಲಿಲ್ಲ. ಹಗ್ಗ ಎಳೆದು ಎಳೆದು ಅಂಗೈಗೆ ಬೊಬ್ಬೆ ಬಂತು. ಪ್ಲಗ್ ಬಿಚ್ಚಿದರೆ ಒಣಗಿತ್ತು, ಕಿಡಿ ಚೆನ್ನಾಗಿಯೇ ಇತ್ತು. ಅಂದರೆ ಪೆಟ್ರೋಲೇ ಒಳಗೆ ಹೋಗುತ್ತಿಲ್ಲ ಅಲ್ವಾ? ಕಾರ್ಬ್ಯುರೇಟರ್ ಬಿಚ್ಚಿದೆ. ಬಟ್ಟಲಿನ ತಳದಲ್ಲಿ ನೀರಿನ ಹನಿ, ಪೆಟ್ರೋಲ್ ಹಾಯುವ ಜೆಟ್ಟಿನ ಸಣ್ಣ ತೂತಿನಲ್ಲಿ ಜೋನಿಬೆಲ್ಲದಂಥ ಅಂಟು. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್, ಅದು ತೇವ ಎಳೆದುಕೊಳ್ಳುತ್ತದೆ. ಹೋದ ವರ್ಷದ್ದನ್ನು ಟ್ಯಾಂಕಿನಲ್ಲೇ ಬಿಟ್ಟಿದ್ದೆ, ನಿಜ. ಆದರೆ ಪಂಪು ಮಾರುವಾಗ ಒಂದು ಮಾತು ಹೇಳಬಾರದಿತ್ತಾ? ಜೆಟ್ ಸ್ವಚ್ಛ ಮಾಡಿ ಕೂರಿಸುವಷ್ಟರಲ್ಲಿ ಆಗುಂಬೆ ಕಡೆಯಿಂದ ಮೋಡ ಕವಿಯಿತು. ಕಲಸಿದ ಬೋರ್ಡೋ ಡ್ರಮ್ಮಿನಲ್ಲೇ ಉಳಿಯಿತು. ನಾಳೆಗೆ ಅದು ಕೆಲಸಕ್ಕೆ ಬರುವುದಿಲ್ಲ.