ಕುರ್ರ್

ನನ್ನ ಬೆನ್ನು ಇನ್ನೂ ನೋಯುತ್ತಿದೆ. ಹೋದ ಗುರುವಾರ ಬಾಗಲಕೋಟೆಯ ನವನಗರದಲ್ಲಿ ತಮ್ಮನ ಮಗನನ್ನು ತೊಟ್ಟಿಲಿಗೆ ಹಾಕಿದರು. ಸೋದರತ್ತೆ ನಾನು. ಅಂದರೆ ತೊಟ್ಟಿಲು, ಕುಲಾಯಿ, ಬೆಳ್ಳಿ ಉಡದಾರ ಎಲ್ಲ ನನ್ನ ಖರ್ಚು. ಕೂಸಿನ ಕಿವಿಯಲ್ಲಿ ‘ಕುರ್ರ್’ ಅಂದು ಹೆಸರು ಹೇಳುವ ಮರ್ಯಾದೆಯೂ ನನ್ನದೇ. ಹೇಳುವಾಗ ಹಿಂದೆ ನಿಂತ ಹೆಂಗಸರು ಬೆನ್ನಿಗೆ ಗುದ್ದುತ್ತಾರೆ. ಯಾಕೆ ಅಂತ ಕೇಳಬೇಡಿ. ಗುದ್ದಬೇಕು, ಗುದ್ದುತ್ತಾರೆ.

ಹೆಸರು ಆರಿಸುವುದು ಮಾತ್ರ ಸೋದರತ್ತೆಯ ಕೆಲಸವಲ್ಲವಂತೆ. ಅದು ಕೂಸು ಹುಟ್ಟುವ ಮೊದಲೇ ಮೊಬೈಲಿನಲ್ಲಿ ಮುಗಿದುಹೋಗಿತ್ತು. ಕಿಯಾನ್. “ರಾಜ ಅಂತ ಅರ್ಥ ಅಕ್ಕಾ,” ಎಂದ ತಮ್ಮ. ಅವ್ವನಿಗೆ ನಮ್ಮ ಅಜ್ಜನ ಹೆಸರಿಡುವ ಆಸೆ ಇತ್ತು. ಅಜ್ಜನ ಹೆಸರು ಮುದಕಪ್ಪ. “ಈಗ ಹುಟ್ಟಿದ ಕೂಸಿಗೆ ಮುದಕಪ್ಪ ಅಂತಾರೇನವ್ವಾ?” ಅಂತ ತಮ್ಮ ನಕ್ಕ. ಅವ್ವ ಎದ್ದು ಅಡುಗೆಮನೆಗೆ ಹೋದಳು.

ಸರಿ, ನಾನು ತೊಟ್ಟಿಲಿನ ಮೇಲೆ ಬಗ್ಗಿದೆ. ‘ಕುರ್ರ್’ ಅಂದೆ. ಬಿತ್ತು ನೋಡಿ ಒಂದು ಗುದ್ದು! ಕಿಯಾನ್ ಎಲ್ಲಿ ಹೋದನೋ, ಬಾಯಿಂದ “ಅಯ್ಯಯ್ಯಪ್ಪಾ” ಬಂತು. ಶಾಸ್ತ್ರದ ಲೆಕ್ಕದಲ್ಲಿ ಆ ಕೂಸಿನ ಹೆಸರು ಅದೇ ಆಗಬೇಕು.

ಗುದ್ದಿದ್ದು ಯಾರು ಅಂತ ತಿರುಗಿ ನೋಡುವ ಅಗತ್ಯವೇ ಇರಲಿಲ್ಲ. ತಮ್ಮನ ಹೆಂಡತಿಯ ಅಕ್ಕ. ಅದು ಶಾಸ್ತ್ರದ ಗುದ್ದಲ್ಲ, ಇಳಕಲ್ ಸೀರೆಯ ಗುದ್ದು. ಎಂಟು ವರ್ಷದ ಹಿಂದೆ ಬನಶಂಕರಿ ಜಾತ್ರೆಗೆ ಹೋಗುವಾಗ ಆಕೆ ನನ್ನ ಸೀರೆ ಕೇಳಿದಳು. ದಾಳಿಂಬೆ ಬಣ್ಣದ ಒಡಲು, ಗೋಮಿ ದಡಿ, ಟೋಪ್ ತೆನಿ ಸೆರಗು. ಇಳಕಲ್ಲಿನಲ್ಲಿ ಒಡಲಿನ ಹಾಸಿಗೂ, ಅಂದರೆ ಉದ್ದಕ್ಕೆ ಹೋಗುವ ನೂಲಿಗೂ, ಸೆರಗಿನ ಹಾಸಿಗೂ ಎಳೆ ಎಳೆಗೆ ಕೊಂಡಿ ಹಾಕಿ ಜೋಡಿಸುತ್ತಾರೆ. ಅಷ್ಟು ತಾಳ್ಮೆಯ ಸೀರೆ ಅದು. ಅದನ್ನು ಉಟ್ಟು ಈಕೆ ಜಾತ್ರೆಯಲ್ಲಿ ಮಿರ್ಚಿ ಭಜಿ ತಿಂದಳು. ತಿನ್ನಲಿ, ಬೇಡ ಅಂದೆನೇ? ಆದರೆ ಕೈ ಒರೆಸಿಕೊಂಡದ್ದು ಸೆರಗಿಗೆ. ಮಡಿಚಿ ಕೊಡುವಾಗ ಕಲೆ ಒಳಗೆ ಬರುವ ಹಾಗೆ ಮಡಿಚಿದ್ದಳು! “ಇದು ಮೊದಲs ಇತ್ತರೀ ಅಕ್ಕಾರ,” ಎಂದಳು. ಕಡಲೆಹಿಟ್ಟು, ಸೀಗೆಕಾಯಿ, ಯಾವುದಕ್ಕೂ ಆ ಕಲೆ ಹೋಗಲಿಲ್ಲ. ನಾಲ್ಕು ಜನರ ಮುಂದೆ ನಾನು ಒಂದು ಮಾತು ಅಂದುಬಿಟ್ಟೆ. ಏನಂದೆ ಅನ್ನುವುದು ಇಲ್ಲಿ ಬೇಡ. ಅಂದದ್ದು ಸರಿಯೇ ಇತ್ತು. ಎಂಟು ವರ್ಷ ಇಬ್ಬರೂ ಮದುವೆ ಮುಂಜಿಯಲ್ಲಿ ನಗುನಗುತ್ತ ಕುಂಕುಮ ಕೊಟ್ಟುಕೊಂಡೆವು. ಈಗ ಬಡ್ಡಿ ಸಮೇತ ತೀರಿಸಿದಳು.

ಗೋಮಿ ಅಂದೆನಲ್ಲ. ಇಳಕಲ್ ದಡಿಗಳಲ್ಲಿ ಗೋಮಿ, ಗಾಯತ್ರಿ, ಚಿಕ್ಕಿ ಪರಾಸ ಅಂತ ಇವೆ. “ಗೋಮಿ ತೋರಿಸ್ರಿ” ಅಂದರೆ ಅಂಗಡಿಯವರು ತೋರಿಸುತ್ತಾರೆ. ಗೋಮಿ ಅಂದರೆ ಅರ್ಥ ಏನು ಅಂತ ಕೇಳಿದವರನ್ನು ನಾನು ಕಂಡಿಲ್ಲ. ಕೂಸಿನ ಮನೆಯಲ್ಲಿ ಮಾತ್ರ ಊಟಕ್ಕೆ ಕೂತವರೆಲ್ಲ “ಅರ್ಥ ಏನ್ರೀ?” ಅಂತ ಕೇಳಿದ್ದೇ ಕೇಳಿದ್ದು. ನಿಮ್ಮ ಹೆಸರು ಸಂಗಪ್ಪ, ನಿಮ್ಮ ಹೆಂಡತಿ ಬನವ್ವ. ನಿಮ್ಮಪ್ಪ ಕೂಡಲಸಂಗಮದ ದೇವರನ್ನು ನೆನೆದ, ಮಾವ ಬಾದಾಮಿ ಬನಶಂಕರಿಗೆ ಹರಕೆ ಹೊತ್ತ, ಮುಗೀತು. ನಿಮಗೆ ಯಾರು ಅರ್ಥ ಕೇಳಿದ್ದರು?

ಆ ರಾತ್ರಿ ಮಗ್ಗಲು ತಿರುಗಲು ಆಗದೆ ಮೊಬೈಲ್ ಹಿಡಿದು ಕೂತೆ. ತಮ್ಮ ಹೇಳಿದ್ದು ಸುಳ್ಳಲ್ಲ. ಇರಾನಿನ ಹಳೆಯ ಕಥೆಗಳಲ್ಲಿ ಬರುವ ಕಯಾನಿ ಅರಸರ ಹೆಸರು ಅದು. ಆದರೆ ಐರ್ಲೆಂಡಿನಲ್ಲೂ ಒಬ್ಬ ಕಿಯಾನ್ ಇದ್ದಾನೆ. ಅಲ್ಲಿನ ಹಳೆಯ ಭಾಷೆಯಲ್ಲಿ ಆ ಹೆಸರಿಗೆ ಅರ್ಥ, ಬಹಳ ಹಳಬ. ಪುರಾತನ. ಅಂದರೆ ಮುದಕಪ್ಪ.

ನಕ್ಕರೆ ಬೆನ್ನು ನೋಯುತ್ತಿತ್ತು. ಆದರೂ ನಕ್ಕೆ.

ಆಮೇಲೆ ನಿದ್ದೆ ಎಲ್ಲಿಂದ ಬರಬೇಕು? ಪೀಟರ್ ಅಂದರೆ ಗ್ರೀಕಿನಲ್ಲಿ ಕಲ್ಲು. ನಮ್ಮ ಕಲ್ಲಪ್ಪನೇ, ಪ್ಯಾಂಟು ಹಾಕಿಕೊಂಡಿದ್ದಾನೆ ಅಷ್ಟೆ. ಜಾರ್ಜ್ ಅಂದರೆ ಹೊಲ ಉಳುವವನು. ಅರ್ಸುಲಾ ಅಂದರೆ ಹೆಣ್ಣು ಕರಡಿಮರಿ. ಘಾನಾದ ಅಕಾನ್ ಜನರಲ್ಲಿ ಶುಕ್ರವಾರ ಹುಟ್ಟಿದ ಗಂಡುಮಗು ಕೋಫಿ. ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಹುಟ್ಟಿದ್ದು 1938ರ ಏಪ್ರಿಲ್ 8, ಶುಕ್ರವಾರವೇ. ಬಾಲಿಯಲ್ಲಿ ಮೊದಲನೆಯದು ವಯಾನ್, ಆಮೇಲೆ ಮಾಡೆ, ನ್ಯೋಮನ್, ಕೆಟುಟ್. ಐದನೆಯದು ಹುಟ್ಟಿತೋ, ಮತ್ತೆ ವಯಾನ್. ನವನಗರದಲ್ಲಿ ಸೆಕ್ಟರಿಗೆ ನಂಬರ್ ಕೊಟ್ಟ ಹಾಗೆ. ಜಗಳವೇ ಇಲ್ಲ, ಮೊಬೈಲೂ ಬೇಡ.

ನಗುವುದು ನಿಂತದ್ದು ಸಾತಾರಾ ಹತ್ತಿರ ಬಂದಾಗ. ಬೆಳಗಾವಿ ದಾಟಿ ಪುಣೆ ರಸ್ತೆ ಹಿಡಿದರೆ ಸಿಗುವ ಜಿಲ್ಲೆ. ಅಲ್ಲಿ ಗಂಡು ಬೇಕೆಂದು ಕಾದ ಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ನಕುಶಾ ಅಂತ ಹೆಸರಿಡುತ್ತಿದ್ದರು. ಬೇಡವಾದವಳು. 2011ರಲ್ಲಿ ಅಂಥ 285 ಹುಡುಗಿಯರಿಗೆ ಒಂದೇ ಸಮಾರಂಭದಲ್ಲಿ ಹೊಸ ಹೆಸರು ಕೊಟ್ಟರು. ಹೆಸರು ಬದಲಾಯಿತು. ಹಾಗೆ ಕರೆದ ಬಾಯಿಗಳಿಗೆ ಏನು ಮಾಡಿದರೋ.

ಮಹಾರಾಷ್ಟ್ರದವರನ್ನು ಬೈದು ನಾವು ತಪ್ಪಿಸಿಕೊಳ್ಳುವ ಹಾಗಿಲ್ಲ. ನನಗೂ ಒಬ್ಬ ಸೋದರತ್ತೆ ಇದ್ದಳು, ಸಾಕವ್ವ. ನಾಲ್ಕನೇ ಹೆಣ್ಣು. ಹೆಸರು ಯಾಕೆ ಬಂತು ಅಂತ ಬಿಡಿಸಿ ಹೇಳಬೇಕಾಗಿಲ್ಲ. “ಎಲ್ಲಾರನೂ ಸಾಕಾಕಿ, ಅದಕ್ಕs ಸಾಕವ್ವ ಅಂತ ಇಟ್ಟಾರ,” ಅನ್ನುತ್ತಿದ್ದಳು ಆಕೆ. ನಾವು ಹೂಂ ಅನ್ನುತ್ತಿದ್ದೆವು. ನಮ್ಮನ್ನೆಲ್ಲ ಸಾಕಿದ್ದು ನಿಜವೂ ಆಗಿತ್ತು. ನನ್ನ ಕಿವಿಯಲ್ಲಿ ‘ಕುರ್ರ್’ ಅಂದವಳೂ ಅವಳೇ. ಆಕೆಯ ಬೆನ್ನಿಗೆ ಎಷ್ಟು ಗುದ್ದು ಬಿದ್ದವೋ, ಒಂದು ದಿನವೂ ಹೇಳಲಿಲ್ಲ.

ಐರ್ಲೆಂಡಿನ ವಿಷಯ ತಮ್ಮನಿಗೆ ಹೇಳಿಲ್ಲ. ಅವ್ವನಿಗೆ ಹೇಳೋಣ ಅಂತ ನಿನ್ನೆ ಫೋನ್ ಮಾಡಿದೆ. ಆಕೆ ಮಾತು ಶುರು ಮಾಡಲು ಬಿಡಲೇ ಇಲ್ಲ. ಕಿಯಾನ್ ಅನ್ನಲು ಆಕೆಗೆ ನಾಲಿಗೆ ಹೊರಳುವುದಿಲ್ಲ.

“ಕ್ಯಾನ್ ಈಗರ ಮಲಗೇತಿ, ಸಣ್ಣಗ ಮಾತಾಡು,” ಎಂದಳು. ಹಿಂದಿನಿಂದ ತಮ್ಮನ ದನಿ ಕೇಳಿಸಿತು. “ಅವ್ವಾ, ಹಾಲಿನವ ಬಂದಾನ, ಕ್ಯಾನ್ ಎಲ್ಲೈತಿ?”

“ತೊಟ್ಟಿಲದಾಗ ಐತಲ್ಲೋ!” ಎಂದಳು ಅವ್ವ.