ಪದ್ಮಿನಿಗೆ ಅಂಟದ ತಿಮ್ಮಪ್ಪ

ಕರಾವಳಿಯಲ್ಲಿ ಹಳೆಯ ಕಾರು ಕೊಳ್ಳುವವರು ಎಂಜಿನ್ನಿನ ಸದ್ದು ಕೇಳುವ ಮೊದಲು ತಗಡನ್ನು ತಟ್ಟಿ ನೋಡುವುದು ಲೇಸು. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು, ತಗಡು ಕೆಟ್ಟರೆ ಕಟ್ಟಲು ಏನೂ ಉಳಿದಿರುವುದಿಲ್ಲ. ಇಟಲಿಯ ಫಿಯಟ್ 1100ರ ವಿನ್ಯಾಸದಲ್ಲಿ ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿಯ 1984ರ ಗಾಡಿಯೊಂದನ್ನು ಉಡುಪಿಯ ನನ್ನ ಭಾವನವರು ಮನೆಗೆ ತಂದಾಗ, ಅದರ ಅತಿಯಾದ ಹೊಳಪೇ ನನ್ನಲ್ಲಿ ಅನುಮಾನ ಹುಟ್ಟಿಸಿತು.

ಅಕ್ಕನ ಫ್ರಿಜ್ಜಿಗೆ ಅಂಟಿಸಿದ್ದ ತಿರುಪತಿ ತಿಮ್ಮಪ್ಪನ ಅಯಸ್ಕಾಂತವನ್ನು ತಂದು ಪರೀಕ್ಷೆಗೆ ತೊಡಗಿದೆ. ಬಾನೆಟ್ಟಿನ ಮೇಲೆ ತಿಮ್ಮಪ್ಪ ಗಟ್ಟಿಯಾಗಿ ನೆಲೆನಿಂತ. ಬಾಗಿಲ ಕೆಳಗಂಚಿಗೆ ಹಿಡಿದೊಡನೆ ಜಾರಿ ನೆಲಕ್ಕೆ ಬಿದ್ದ. ಅಯಸ್ಕಾಂತವು ಉಕ್ಕಿಗೆ ಅಂಟುತ್ತದೆಯೇ ಹೊರತು ತಗ್ಗು-ತೂತು ಮುಚ್ಚಲು ಬಣ್ಣದಡಿ ಮೆತ್ತುವ ದಪ್ಪ ಪುಟ್ಟಿಗಲ್ಲ ಎಂದು ನಾನು ವಿವರಿಸುತ್ತಿದ್ದರೆ, ಭಾವನವರು ದೇವರನ್ನು ಬೀಳಿಸಿದ್ದಕ್ಕೆ ನನ್ನನ್ನೇ ಗದರಿದರು.

ಮರುದಿನ ಬಂದ ಟಿಂಕರಿಂಗ್ ಕೆಲಸದವರು ಸ್ಕ್ರೂಡ್ರೈವರಿನ ಹಿಡಿಯಿಂದ ಅದೇ ಅಂಚನ್ನು ತಟ್ಟುತ್ತ ಹೋಗಿ, ಟಣ್ಣೆಂದ ಕಡೆ ಬಿಟ್ಟು, ದೊಬ್ಬೆಂದ ಕಡೆ ಮೊನೆಯಿಂದ ಒತ್ತಿದರು. ಮೊನೆ ಸಲೀಸಾಗಿ ಒಳಗೆ ಹೋಯಿತು. ನೀರು ಇಳಿದುಹೋಗಲೆಂದು ಬಾಗಿಲ ತಳದಲ್ಲಿ ಬಿಟ್ಟಿರುವ ತೂತುಗಳನ್ನು ಹಿಂದಿನ ಯಾರೋ ಮಹಾನುಭಾವರು ಬಣ್ಣ ಹೊಡೆಸುವಾಗ ಪುಟ್ಟಿ ಮೆತ್ತಿಸಿ ಮುಚ್ಚಿಸಿದ್ದರು. ಗಾಜಿನ ರಬ್ಬರಿನ ಸಂದಿಯಿಂದ ಇಳಿದ ಮಳೆನೀರು ಅಲ್ಲೇ ನಿಂತು, ಕಡಲಗಾಳಿಯ ಉಪ್ಪನ್ನೂ ಸೇರಿಸಿಕೊಂಡು, ತಗಡನ್ನು ಒಳಗಿನಿಂದಲೇ ತಿಂದುಹಾಕಿತ್ತು. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕಾಗುವುದರಿಂದ ಅದು ಬಣ್ಣವನ್ನು ಹೊರಕ್ಕೆ ತಳ್ಳುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ಕಾರ್ಯಕ್ರಮ ಬಹುತೇಕ ಮುಗಿದಿರುತ್ತದೆ.

ರೂಪಾಯಿ ನಾಣ್ಯದಷ್ಟಿದ್ದ ತೂತು, ಬೆಸುಗೆ ಹಿಡಿಯುವಂಥ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸುತ್ತ ಹೋದಂತೆ ಊಟದ ತಟ್ಟೆಯಷ್ಟಾಯಿತು.

“ಸಾಕು ಮಾರಾಯ್ರೆ, ಬಾಗಿಲೇ ಉಳಿಯುವುದಿಲ್ಲ!” ಎಂದರು ಭಾವನವರು.

“ಬಾಗಿಲು ಎಲ್ಲಿತ್ತು ಸಾರ್? ಪುಟ್ಟಿ ಅಲ್ವಾ ಇದ್ದದ್ದು?”

ಹೊಸ ತಗಡನ್ನು ಬೆಸೆದರು. ತುಕ್ಕು ಮೇಲ್ಮೈಯಲ್ಲಷ್ಟೇ ಇದ್ದ ಕಡೆಗಳನ್ನು ತಂತಿಬ್ರಶ್ಶಿನಿಂದ ಉಜ್ಜಿ, ಫಾಸ್ಫಾರಿಕ್ ಆಮ್ಲದ ದ್ರಾವಣ ಹಚ್ಚಿ, ಅದು ಕಪ್ಪಾಗಿ ಒಣಗಿದ ಮೇಲೆ ಪ್ರೈಮರ್ ಬಳಿದರು. ತಳದ ತೂತುಗಳನ್ನೂ ಬಿಡಿಸಿದರು. ಕಪ್ಪು-ಕೆಂಪು ತೇಪೆಗಳ ಗಾಡಿಯನ್ನು ನೆಂಟರು ನೋಡಿಯಾರೆಂದು ಭಾವನವರು ಟಾರ್ಪಾಲು ಹೊದಿಸಲು ಹೊರಟಾಗ, ಅದರಡಿಯಲ್ಲಿ ತೇವ ಸಿಕ್ಕಿಕೊಂಡು ತುಕ್ಕಿಗೇ ಉಪಚಾರವಾಗುತ್ತದೆಂದು ತಿಳಿಹೇಳಬೇಕಾಯಿತು.

ಕಾಲಡಿಯ ಮ್ಯಾಟು ಎತ್ತಿ ನೋಡಲು ಮಾತ್ರ ಅವರು ಈವರೆಗೆ ಯಾರಿಗೂ ಬಿಟ್ಟಿಲ್ಲ. ಮಳೆನೀರು ನಿಂತ ಗುಂಡಿ ದಾಟುವಾಗಲೆಲ್ಲ ನನ್ನ ಚಪ್ಪಲಿ ಏಕೆ ಒದ್ದೆಯಾಗುತ್ತದೆಂದು ಕೇಳಿದರೆ, ಕಿಟಕಿಯ ಗಾಜು ಏರಿಸಿಕೋ ಎನ್ನುತ್ತಾರೆ.